ಕತ್ತಲ ಕೋಣೆಯ ಬಾಯಾರು

ಬಸವನ ಬಾಗೇವಾಡಿಯಲ್ಲಿ ಬಸ್ಸಿಳಿದು ತಲೆನೋವಿನ ಡಾಕ್ಟರ್ ಬಾಯಾರ ಮನೆ ಎಲ್ಲಿ ಎಂದು ಕೇಳಿದರೆ ಜನ ಕೈ ಮಾಡಿ ತೋರಿಸುತ್ತಿದ್ದರು. ಜೊತೆಗೆ ಬರುತ್ತಿರಲಿಲ್ಲ. ದಾರಿ ಕೇಳಿದವರನ್ನು ಮನೆಯ ಬಾಗಿಲಿಗೇ ಮುಟ್ಟಿಸಿ ಬರುವುದು ನಮ್ಮ ಕಡೆಯ ರೂಢಿ. ಆ ಮನೆಯ ಮಟ್ಟಿಗೆ ಮಾತ್ರ ಎಲ್ಲರೂ ಓಣಿಯ ತಿರುವಿನಲ್ಲೇ ನಿಂತುಬಿಡುತ್ತಿದ್ದರು. ನಾನು ಮೊದಲ ಸಲ ಹೋದಾಗ ಕಿರಾಣಿ ಅಂಗಡಿಯವನೊಬ್ಬ ದನಿ ತಗ್ಗಿಸಿ, ಅಲ್ಲಿ ಕದ ಬಡಿಯಬೇಡಿರಿ, ಸುಮ್ಮನೆ ಕಟ್ಟೆಯ ಮೇಲೆ ಕೂಡಿರಿ, ಅವರೇ ಕರೆಯುತ್ತಾರೆ ಎಂದು ಹೇಳಿ ಒಳಗೆ ಹೋದ.

ಹೆಣ್ಣು ಡಾಕ್ಟರರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ; ಈ ಬಾಯಾರು ತೀರಿಹೋಗಿ ಈಗ ಎಂಟು ತಿಂಗಳು. ಅವರ ಬಗ್ಗೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಹಬ್ಬಿದ ಮಾತುಗಳಲ್ಲಿ ಕೆಲವು ಸುಳ್ಳು, ಕೆಲವು ಖರೆ. ನಾನು ಕಂಡದ್ದಷ್ಟನ್ನು ಬರೆಯುತ್ತೇನೆ.

ನಾನು ಮುದ್ದೇಬಿಹಾಳದಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಂಗ್ ಕೆಲಸ ಮಾಡುತ್ತೇನೆ. ಮದುವೆಯಾದ ವರ್ಷ ಶುರುವಾದ ತಲೆನೋವು ಹತ್ತು ವರ್ಷ ದಾಟುವಷ್ಟರಲ್ಲಿ ತಿಂಗಳಿಗೆ ಇಪ್ಪತ್ತು ದಿನ ಬರತೊಡಗಿತ್ತು. ಒಂದೇ ಕಡೆಯ ಕಣ್ಣಿನ ಹಿಂದೆ ಯಾರೋ ಕುಟ್ಟಾಣಿಯಲ್ಲಿ ಕುಟ್ಟಿದಂತೆ. ಬೆಳಕು ಆಗದು, ಸದ್ದು ಆಗದು, ಒಗ್ಗರಣೆಯ ವಾಸನೆ ಆಗದು. ಔಷಧದ ಅಂಗಡಿಯವನು ನನ್ನ ಮುಖ ನೋಡಿದ ಕೂಡಲೇ ನೋವಿನ ಗುಳಿಗೆಯ ಪಟ್ಟಿ ಹರಿದು ಕೊಡುತ್ತಿದ್ದ. ಕೆಲಸ ತಪ್ಪಿಸಿಕೊಳ್ಳಲು ಇವಳ ನಾಟಕ ಎಂದು ಅತ್ತೆ ನೆರೆಯವರ ಮುಂದೆ ಹೇಳುತ್ತಿದ್ದಳು. ಅದನ್ನು ಸಹಿಸಬಹುದಿತ್ತು.

ಸಹಿಸಲಾಗದ್ದು ಬೇರೆಯೇ ಇತ್ತು. ನೋವು ಬರುವ ಮೊದಲು ಕಣ್ಣಿನೊಳಗೆ ಏನೋ ಒಂದು ನಡೆಯುತ್ತಿತ್ತು. ನೋಡುತ್ತಿದ್ದ ಜಾಗದಲ್ಲಿ ಸಣ್ಣದೊಂದು ತೂತು ಬೀಳುತ್ತಿತ್ತು. ಅದರ ಅಂಚಿಗೆ ಗರಗಸದ ಹಲ್ಲಿನಂಥ ಹೊಳೆಯುವ ಗೆರೆ. ಅದು ಮಿಣಮಿಣ ನಡುಗುತ್ತ, ಕುಡುಗೋಲಿನ ಹಾಗೆ ಬಾಗಿ ಬೆಳೆಯುತ್ತ ಬಲಗಡೆಯ ಲೋಕವನ್ನು ತಿಂದುಕೊಂಡು ಹೋಗುತ್ತಿತ್ತು. ಎದುರಿಗಿದ್ದವರ ಅರ್ಧ ಮುಖ ಇರುತ್ತಿರಲಿಲ್ಲ. ಕಪ್ಪಾಗಿಯೂ ಇರುತ್ತಿರಲಿಲ್ಲ, ಅಲ್ಲಿ ಏನೂ ಇರುತ್ತಿರಲಿಲ್ಲ, ಅಷ್ಟೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಹುಚ್ಚು ಹಿಡಿಯುತ್ತಿದೆ ಎಂದು ನಾನೇ ನಂಬಿದ್ದೆ.

ಒಂದು ದಿನ ಒಬ್ಬ ಮುದುಕಿಯ ಹೊಲದ ದಾವೆಗೆ ಪ್ರಮಾಣಪತ್ರ ಟೈಪ್ ಮಾಡುತ್ತಿದ್ದೆ. ವಕೀಲರ ಕೈಬರಹದಲ್ಲಿ 'ಆ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಿರುವುದಿಲ್ಲ' ಎಂದಿತ್ತು. 'ಒತ್ತಿರು' ಎಂಬಲ್ಲಿಯವರೆಗೆ ನನಗೆ ಕಂಡಿತು. ಉಳಿದದ್ದನ್ನು ಕೈ ತಾನೇ ತುಂಬಿಕೊಂಡಿತು: 'ಒತ್ತಿರುತ್ತೇನೆ.' ಸಲ್ಲಿಸುವ ಮೊದಲು ವಕೀಲರು ಕೊನೆಯ ಸಲ ಕಣ್ಣಾಡಿಸಿದ್ದಕ್ಕೆ ದಾವೆ ಉಳಿಯಿತು. ಅವರು ಬೈಯಲಿಲ್ಲ. ಕಾಗದವನ್ನು ನನ್ನ ಮುಂದೆ ಇಟ್ಟು, "ಇಲ್ಲ ಅನ್ನೋದು ನಮ್ಮ ಮಾತಿನಾಗ ಕಡೀಕ ಬರ್ತೈತವ್ವ. ಅದೊಂದು ಬಿಟ್ರ ಆ ಮುದುಕಿ ಹೊಲ ಹೋಗಿಬಿಡ್ತಿತ್ತು," ಎಂದರು. ನಾನು ಅತ್ತುಬಿಟ್ಟೆ, ತಲೆನೋವಿನ ಮಾತಷ್ಟನ್ನು ಹೇಳಿದೆ. ಅವರು, ತಮ್ಮ ತೀರಿಹೋದ ಹೆಂಡತಿಯೂ ಇದೇ ಕಾಯಿಲೆಗೆ ಬಾಗೇವಾಡಿಯ ಬಾಯಾರ ಹತ್ತಿರ ಹೋಗುತ್ತಿದ್ದುದನ್ನು ಹೇಳಿ, ಮರುದಿನ ರಜೆ ಕೊಟ್ಟು ಕಳಿಸಿದರು.

ಅತ್ತೆಗೆ ಗೊತ್ತಾದಾಗ ಅವಳ ಮುಖ ಬಿಳಿಚಿತು. "ಆಕಿ ತಲಿನೋವು ತಗಿಯೂದಿಲ್ಲ, ಕಳಸ್ತಾಳ," ಎಂದಳು. ಇಂಥ ದಿನ ಇಂಥ ಹೊತ್ತಿಗೆ ಬರುತ್ತದೆ ಎಂದು ಹೇಳಿ ಕಳಿಸುತ್ತಾಳೆ, ಅದೇ ಹೊತ್ತಿಗೆ ಬಂದು ಕೂಡುತ್ತದೆ ಎಂದು ಸುತ್ತಲಿನ ಊರುಗಳಲ್ಲೆಲ್ಲ ಮಾತಿತ್ತು.

ನಾನು ಹೋದದ್ದು ನಡುಮಧ್ಯಾಹ್ನ. ಓಣಿಯಲ್ಲಿ ಬಿಸಿಲು ಸುಣ್ಣ ಬಳಿದಂತೆ ಬಿದ್ದಿತ್ತು. ಕಟ್ಟೆಯ ಮೇಲೆ ಎಂಟು ಹತ್ತು ಮಂದಿ ಕುಳಿತಿದ್ದರು. ಹೆಂಗಸರು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಿದ್ದರು, ಗಂಡಸರು ರುಮಾಲನ್ನು ಕಣ್ಣು ಮುಚ್ಚುವಂತೆ ಸುತ್ತಿಕೊಂಡಿದ್ದರು. ಒಂದು ಮುಖವೂ ಕಾಣುತ್ತಿರಲಿಲ್ಲ, ಒಂದು ಕೆಮ್ಮೂ ಇರಲಿಲ್ಲ. ಬಾಯಾರ ಕೈಕೆಳಗಿದ್ದ ಕಾಶವ್ವ ಎಂಬ ಹೆಂಗಸು ಬರಿಗಾಲಲ್ಲಿ ಬಂದು, ಕೇಳದೆಯೇ ನನ್ನ ಮುಡಿಯ ಮಲ್ಲಿಗೆ ತೆಗೆದು ಓಣಿಯಾಚೆ ಇಟ್ಟುಬಂದಳು. ಮೊಬೈಲನ್ನು ಇಸಿದುಕೊಂಡು ಕೌದಿಯಲ್ಲಿ ಸುತ್ತಿದಳು.

ಒಳಕೋಣೆಯ ಕಿಟಕಿಗಳಿಗೆ ಕರಿಯ ಕಂಬಳಿ ಬಿಗಿದಿದ್ದರು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಮೊದಲು ಏನೂ ಕಾಣಲಿಲ್ಲ. ಯಾರೋ ನನ್ನ ಮಣಿಕಟ್ಟು ಹಿಡಿದು ಕುರ್ಚಿಗೆ ಕೂಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎದುರಿಗೆ ಬಾಯಾರು ನಿಧಾನವಾಗಿ ಮೂಡಿದರು: ಅರವತ್ತು ದಾಟಿದ ಪುಟ್ಟ ಹೆಂಗಸು, ಮಾಸಲು ಬಿಳಿಯ ಸೀರೆ, ಕಂದು ಗಾಜಿನ ಕನ್ನಡಕ. ಅವರ ದನಿ ಎಷ್ಟು ಸಣ್ಣದೆಂದರೆ ಕೇಳಬೇಕಾದರೆ ನಾವು ಉಸಿರು ಹಿಡಿಯಬೇಕು. ಇನ್ನೊಂದು ವಿಶೇಷ, ಅವರಿಗೆ ಯಾವ ವಾಸನೆಯೂ ಇರಲಿಲ್ಲ. ಸಾಬೂನಿನದಿಲ್ಲ, ಎಣ್ಣೆಯದಿಲ್ಲ, ಬೆವರಿನದೂ ಇಲ್ಲ. ಇಷ್ಟು ಹತ್ತಿರ ಕುಳಿತ ಮನುಷ್ಯರಿಗೆ ವಾಸನೆಯೇ ಇಲ್ಲದಿರುವುದು ಎಂಥ ಭಯ ಹುಟ್ಟಿಸುತ್ತದೆಂದು ನನಗೆ ಆವತ್ತೇ ತಿಳಿದದ್ದು.

ಅವರು ನೋವಿನ ಬಗ್ಗೆ ಏನೂ ಕೇಳಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, "ನೋವು ಬರೂಕಿಂತ ಮೊದಲ ಏನರ ಕಾಣ್ತಿದ್ರ ಅದರ ಚಿತ್ರ ತಗಿ," ಎಂದರು.

ಹತ್ತು ವರ್ಷ ಮುಚ್ಚಿಟ್ಟದ್ದನ್ನು ಆ ಕತ್ತಲೆಯಲ್ಲಿ ತೆಗೆದೆ. ತೂತು, ಗರಗಸದ ಹಲ್ಲು, ಕುಡುಗೋಲು. ಅವರು ಅದನ್ನು ನೋಡಿ, ಮೇಜಿನ ಖಾನೆಯಿಂದ ಹಾಳೆಗಳ ಕಟ್ಟು ತೆಗೆದು, ಒಂದೊಂದನ್ನೇ ನನ್ನ ಹಾಳೆಯ ಪಕ್ಕದಲ್ಲಿ ಇಡುತ್ತ ಹೋದರು. ನಾಲತವಾಡದ ಕುರಿ ಕಾಯುವವನದು. ಸಿಂದಗಿಯ ಬ್ಯಾಂಕಿನಲ್ಲಿ ಕೆಲಸ ಮಾಡುವವಳದು. ದೇವರ ಹಿಪ್ಪರಗಿಯ ಸಂತೆಯಲ್ಲಿ ಬಳೆ ಮಾರುವವಳದು. ಅಕ್ಷರ ಬಾರದೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ತೆಗೆದವರದು. ಎಲ್ಲವೂ ನನ್ನ ಚಿತ್ರವೇ. ಅದೇ ಬಾಗು, ಅದೇ ಹಲ್ಲು. ಒಬ್ಬರನ್ನೊಬ್ಬರು ಜನ್ಮದಲ್ಲಿ ಕಂಡಿಲ್ಲದ ಜನ ಒಂದೇ ವಸ್ತುವನ್ನು ಎದುರಿಗಿಟ್ಟುಕೊಂಡು ನೋಡಿ ಬರೆದ ಹಾಗೆ. ಎದ್ದು ಓಡಬೇಕೆನಿಸಿತು.

"ಹೆದರಬ್ಯಾಡ ತಂಗಿ," ಎಂದರು. "ಇದು ಹೊರಗಿಂದು ಅಲ್ಲ. ಮಿದುಳಿನ ಮ್ಯಾಲ ಒಂದು ತೆರಿ ನಿಧಾನಕ್ಕ ಹಾದು ಹೋಗ್ತದ. ಎಲ್ಲಾರ ಮಿದುಳೂ ಒಂದ ನಮೂನಿ, ಅದಕ್ಕ ಚಿತ್ರನೂ ಒಂದ. ನಿನಗ ಹುಚ್ಚಿಲ್ಲ. ಮೈಗ್ರೇನ್ ಅದ."

ನನಗೆ ಹುಚ್ಚಿಲ್ಲ ಎಂದು ಆವರೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೆ ಗೊತ್ತಿತ್ತು?

ಆಮೇಲೆ ಗುಳಿಗೆಗಳ ವಿಷಯಕ್ಕೆ ಬಂದರು. ದಿನಕ್ಕೆ ಎರಡು, ಕೆಲವು ದಿನ ಮೂರು ನುಂಗುತ್ತಿದ್ದೇನೆಂದು ಕೇಳಿ, "ನೋವಿನ ಗುಳಗಿ ದಿನಾ ಕೊಟ್ರ ಮಿದುಳು ಅದನ್ನ ಬೇಡೂದು ಕಲೀತದ. ಅದಕ್ಕ ಬೇಡ್ಲಿಕ್ಕೆ ಬರೂ ಭಾಷಾ ಒಂದ. ನೋವು," ಎಂದರು. ಆ ಗುಳಿಗೆ ಬಿಡಿಸಿದರು. ನೋವು ಬರದಂತೆ ತಡೆಯಲು ದಿನಾ ಸಂಜೆ ತೆಗೆದುಕೊಳ್ಳುವ ಬೇರೆ ಸಣ್ಣ ಗುಳಿಗೆ ಬರೆದರು. ಗುಣ ಕಾಣಲು ಎರಡು ತಿಂಗಳು ಹಿಡಿಯುತ್ತದೆ, ಮೊದಲ ಹತ್ತು ದಿನ ಇನ್ನೂ ಕೆಟ್ಟದಾಗಿರುತ್ತದೆ, ತಾಳಬೇಕು ಎಂದರು. ಊಟದ ಹೊತ್ತು ತಪ್ಪಬಾರದು, ನಿದ್ದೆಯ ಹೊತ್ತು ತಪ್ಪಬಾರದು. ಏನು ತಿಂದೆ, ಎಷ್ಟು ಮಲಗಿದೆ, ಯಾವಾಗ ಬಂತು, ಎಲ್ಲವನ್ನೂ ಒಂದು ವಹಿಯಲ್ಲಿ ಬರೆಯಬೇಕು. ಅವರು ಏನು ಹೇಳಿದರೂ ಅದನ್ನು ಬರೆದು ಕೈಗೆ ಕೊಡುತ್ತಿದ್ದರು. ಬರೆಯದ ಯಾವ ಮಾತನ್ನೂ ನಂಬಬೇಡ ಎಂಬುದು ಅವರ ಕಟ್ಟಪ್ಪಣೆ.

ಆ ಹತ್ತು ದಿನಗಳನ್ನು ನಾನು ಹೇಗೆ ಕಳೆದೆನೆಂದು ಬರೆಯಲಾರೆ. ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಹನ್ನೊಂದನೆಯ ದಿನ ಬೆಳಿಗ್ಗೆ ಎದ್ದಾಗ ತಲೆ ಬರಿದಾಗಿತ್ತು. ಹೊರಗೆ ಕಾಗೆ ಕೂಗಿದ್ದು ಕೇಳಿಸಿತು. ಬರೀ ಕಾಗೆಯ ದನಿ, ಅದರ ಜೊತೆ ನೋವಿಲ್ಲ.

ಎರಡನೆಯ ಸಲ ಅತ್ತೆ ಹಟ ಹಿಡಿದು ನನ್ನ ಜೊತೆ ಬಂದಳು. ಹೂವಿನ ಹಿಪ್ಪರಗಿಯಲ್ಲಿ ಬಸ್ಸು ನಿಂತಾಗ ನಾನು ಬೆಲ್ಲದ ಚೂರು ಕೊಂಡು ತಿಂದಿದ್ದೆ. ಬಾಯಾರು ನನ್ನನ್ನು ಎದುರಿಗೆ ಕೂಡಿಸಿಕೊಂಡು, ವಹಿ ತೆರೆಯುವ ಮೊದಲೇ, ನಾಳೆ ಊಟದ ಹೊತ್ತಿಗೆ ಬರುತ್ತದೆ, ಕೆಲಸಕ್ಕೆ ಹೋಗಬೇಡ ಎಂದು ಚೀಟಿಯಲ್ಲಿ ಬರೆದರು. ಮರುದಿನ ತಾಟಿಗೆ ರೊಟ್ಟಿ ಹಾಕಿಕೊಂಡಾಗ ರೊಟ್ಟಿಯ ಬಲಗಡೆಯ ಅರ್ಧ ಕಾಣಲಿಲ್ಲ. ಅತ್ತೆ ನಿಂತಲ್ಲೇ ನನಗೆ ನಿಂಬೆಹಣ್ಣು ಇಳಿಸಿ ದೃಷ್ಟಿ ತೆಗೆದಳು. ಇನ್ನು ಆ ಮನೆಯ ಹೊಸ್ತಿಲು ತುಳಿದರೆ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದಳು.

ನಾನು ವಕೀಲರ ಕೆಲಸವೆಂದು ಸುಳ್ಳು ಹೇಳಿ ಹೋದೆ. ಹೇಗೆ ಗೊತ್ತಾಯಿತು ಎಂದು ನೇರವಾಗಿ ಕೇಳಿದೆ. ಬಾಯಾರು ಸದ್ದಿಲ್ಲದೆ ನಕ್ಕರು. ನಾನು ಆವತ್ತು ಎದುರಿಗೆ ಕುಳಿತ ಸ್ವಲ್ಪ ಹೊತ್ತಿನಲ್ಲೇ ಆರು ಸಲ ಆಕಳಿಸಿದ್ದೆನಂತೆ, ಕುತ್ತಿಗೆ ಒತ್ತಿಕೊಳ್ಳುತ್ತಿದ್ದೆನಂತೆ, ಅತ್ತೆಗೆ ಸುಮ್ಮಸುಮ್ಮನೆ ಸಿಡುಕಿದ್ದೆನಂತೆ, ಬಾಯಲ್ಲಿ ಬೆಲ್ಲದ ವಾಸನೆ ಇತ್ತಂತೆ; ಸಿಹಿ ಬೇಕೆನ್ನಿಸುವುದೂ ಈ ನೋವಿನ ಮುನ್ಸೂಚನೆಯಂತೆ. "ಮಳಿ ಬರೂ ಮೊದಲ ಇರವಿ ತತ್ತಿ ಹೊತಗೊಂಡು ಹೋಗ್ತಾವ. ಅದನ್ನ ಕಂಡು ಮಳಿ ಬರ್ತದ ಅಂದ್ರ ಭವಿಷ್ಯ ಅಲ್ಲ ಅದು. ನೋಡೂದು, ಅಷ್ಟ."

ಹಾಗಾದರೆ ಜನ ಆಡುವ ಮಾತಿಗೆ ಯಾಕೆ ಉತ್ತರ ಕೊಡುವುದಿಲ್ಲ ಎಂದೆ. ಅವರು ಮುಂದಿನವರನ್ನು ಕರೆಯಲು ಕಾಶವ್ವನಿಗೆ ಸನ್ನೆ ಮಾಡಿದರು. ಉತ್ತರ ಸಿಕ್ಕಿದ್ದು ಇನ್ನೊಂದು ದಿನ.

ಆವತ್ತು ನಾನೇ ಕೊನೆಯವಳು. ಕಾಶವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬಾಯಾರು ಚೀಟಿ ಬರೆಯುತ್ತ, ಈ ಗುಳಗಿ ಉಂಡ ಮ್ಯಾಲ ಎಂದು ಶುರು ಮಾಡಿದವರು ನಿಂತರು. ಪೆನ್ಸಿಲು ಹಾಳೆಯ ಮೇಲೆ ಹಾಗೇ ಇತ್ತು. ಮತ್ತೆ ಮಾತಾಡಿದರು. "ಬಾಗಲಾ ಕುಡೀಬೇಕು. ಕಾಗಿ ತೊಳದು, ನಾಲ್ಕು, ಬಾಗಲಾ..." ದನಿ ಅದೇ, ಏರಿಳಿತ ಅದೇ, ರೋಗಿಗೆ ಸಮಾಧಾನ ಹೇಳುವ ರೀತಿ ಅದೇ. ಮಾತುಗಳು ಮಾತ್ರ ಬೇರೆ ಎಲ್ಲಿಂದಲೋ ಬರುತ್ತಿದ್ದವು. ಅವರ ಬಾಯೊಳಗೆ ಇನ್ನಾರೋ ಕುಳಿತು ಮಾತಾಡಿದಂತೆ ಕಂಡು ನಾನು ಕುರ್ಚಿಯಿಂದ ಎದ್ದೆ. ಅವರು ನನ್ನ ಮುಖ ನೋಡಿದರು. ತಮ್ಮ ಮಾತು ಕಲಸಿದ್ದು ಅವರಿಗೆ ತಿಳಿಯಿತು. ಕೂಡಲೇ ಎರಡೂ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು. ಕನ್ನಡಕದ ಹಿಂದಿನ ಕಣ್ಣುಗಳಲ್ಲಿ ಇದ್ದಂಥ ಭಯವನ್ನು ನಾನು ದೊಡ್ಡವರಲ್ಲಿ ಕಂಡಿಲ್ಲ.

ಓಡಿಹೋಗಬಹುದಿತ್ತು. ಹೋಗಲಿಲ್ಲ. ಅವರು ನನಗೆ ಕಲಿಸಿದ್ದನ್ನೇ ಮಾಡಿದೆ. ಕದ ಮುಚ್ಚಿ, ಒದ್ದೆ ಬಟ್ಟೆ ತಂದು ಅವರ ಹಣೆಗೆ ಇಟ್ಟು, ಪಕ್ಕದಲ್ಲಿ ಕುಳಿತೆ. ಮುಕ್ಕಾಲು ತಾಸಿನ ಹತ್ತಿರ ಆಗಿರಬೇಕು. ಆ ಕತ್ತಲೆಯಲ್ಲಿ ಬೆರಳುಗಳ ಸಂದಿಯಿಂದ ಬರುವ ಅವರ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಕೈ ತೆಗೆದರು. "ಕದ," ಎಂದರು. "ಕಿಟಕಿ. ಕುರ್ಚಿ." ಒಂದೊಂದು ಮಾತನ್ನೂ ಮುಟ್ಟಿ ನೋಡುವಂತೆ. ಎಲ್ಲ ಸರಿಯಿದ್ದುದನ್ನು ಖಾತ್ರಿ ಮಾಡಿಕೊಂಡ ಮೇಲೆ, ಕಣ್ಣು ಮುಚ್ಚಿಯೇ ಹೇಳತೊಡಗಿದರು.

ಅವರು ಇಂಡಿಯವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಹನ್ನೊಂದನೆಯ ವಯಸ್ಸಿಗೆ ಈ ಕಾಯಿಲೆ ಶುರುವಾಯಿತು. ಅವರಿಗೆ ಬೆಳಕಿನ ಗೆರೆಗಿಂತ ಮಾತು ಕಲಸುವುದೇ ಹೆಚ್ಚು. ಎರಡೂ ಭಾಷೆ ಸೇರಿ ಅರ್ಥವಾಗದ ಮಾತು ಬಂದಾಗ ಅವರ ಅಜ್ಜಿ, ಹುಡುಗಿಯ ಮೈಮೇಲೆ ದೇವಿ ಬಂದಿದ್ದಾಳೆಂದು ಮಣೆ ಹಾಕಿ ಕೂಡಿಸಿದಳು. ಹಣೆ ತುಂಬ ಕುಂಕುಮ. ಹೆಂಗಸರು ಬಂದು ಪ್ರಶ್ನೆ ಕೇಳತೊಡಗಿದರು. ಕಳೆದ ಎಮ್ಮೆ ಎಲ್ಲಿದೆ, ಗಂಡ ಯಾವಾಗ ಬರುತ್ತಾನೆ. ತಲೆ ಒಡೆಯುವ ನೋವಿನಲ್ಲಿ ಕುಳಿತ ಹುಡುಗಿ ಏನು ಅಂದರೂ ಅದೇ ಉತ್ತರ.

ಒಂದು ದಿನ ಒಬ್ಬ ತಾಯಿ ಜ್ವರ ಬಂದ ಕೂಸನ್ನು ಹೊತ್ತು ಬಂದಳು. ದವಾಖಾನೆಗೆ ಒಯ್ಯಬೇಕೋ, ಮನೆಯಲ್ಲೇ ಇಟ್ಟುಕೊಳ್ಳಬೇಕೋ ಎಂದು ಅಜ್ಜಿ ಅವಳ ಪರವಾಗಿ ಕೇಳಿದಳು.

"ನನಗ ನೀರು ಬೇಕಾಗಿತ್ತು," ಎಂದರು ಬಾಯಾರು. "ನೀರು ಅನ್ಲಿಕ್ಕೆ ಹೋದೆ. ಮನಿ ಅಂತ ಬಂತು."

ಆ ತಾಯಿ ಹುಡುಗಿಯ ಕಾಲು ಮುಟ್ಟಿ, ಕೂಸನ್ನು ಮನೆಗೆ ಹೊತ್ತುಕೊಂಡು ಹೋದಳು. ಮೂರನೆಯ ದಿನ ಎರಡು ಓಣಿಗಳಾಚೆಯಿಂದ ಅಳು ಕೇಳಿಸಿತು.

ನಾನು ಹಣೆಯ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಇಟ್ಟೆ. ಅವರು ಮುಂದುವರಿಸಿದರು. "ಆಕಿ ಮತ್ತ ಬಂದ್ಲು, ತಂಗಿ. ಬೈಲಿಕ್ಕೆ ಅಲ್ಲ. ಅರಿಷಿಣ ಕುಂಕುಮ ತಗೊಂಡು ಬಂದ್ಲು. ಮುಂದಿನ ಕೂಸರ ಉಳೀತದೋ ಇಲ್ಲೋ ಅಂತ ಕೇಳ್ಲಿಕ್ಕೆ. ಬೈದಿದ್ರ ಚೊಲೋ ಇತ್ತು."

ಅವತ್ತಿನಿಂದ ತಲೆನೋವು ಬಂದಾಗಲೆಲ್ಲ ಆ ಹುಡುಗಿ ಬಾಯಿ ಮುಚ್ಚಿಕೊಂಡು ಉಗ್ರಾಣದಲ್ಲಿ ಅಡಗಿ ಕೂಡತೊಡಗಿದಳು. ಡಾಕ್ಟರಿಕೆ ಓದಿದ್ದು, ಈ ಕಾಯಿಲೆಯೊಂದನ್ನೇ ಹಿಡಿದು ಕುಳಿತದ್ದು, ಪ್ರತಿ ಮಾತನ್ನೂ ಬರೆದು ಕೊಟ್ಟದ್ದು ಎಲ್ಲ ಅಲ್ಲಿಂದ. ಜನ ಅವರನ್ನು ಕಂಡು ಹೆದರಿದರೆ ಹೆದರಲಿ ಎನ್ನುತ್ತಿದ್ದರು. ಹೆದರಿದವರು ದೂರ ನಿಲ್ಲುತ್ತಾರೆ, ಕಾಲಿಗೆ ಬೀಳುವವರು ಹಾಗಲ್ಲ.

ಆರು ತಿಂಗಳಲ್ಲಿ ನನ್ನ ನೋವು ತಿಂಗಳಿಗೆ ಮೂರು ನಾಲ್ಕು ದಿನಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಹೋಗುತ್ತದೆಂದು ಅವರು ಹೇಳಿಯೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆದು ಒಳಗೆ ಬಂದರೆ ಅತ್ತೆ ನನ್ನ ವಹಿ ಹಿಡಿದು ನಿಂತಿದ್ದಳು. ಅವಳಿಗೆ ಓದು ಬರುವುದಿಲ್ಲ. ಅವಳು ನೋಡುತ್ತಿದ್ದುದು ಹಾಳೆಯ ಅಂಚಿಗೆ ನಾನು ತೆಗೆದಿದ್ದ ಗರಗಸದ ಗೆರೆಯನ್ನು. ಬಾಗೇವಾಡಿಗೆ ಹೋಗುತ್ತಿದ್ದುದು ತಿಳಿಯಿತಲ್ಲ ಎಂದು ನಾನು ಹೆದರಿದೆ. ಅವಳು ಮೆಲ್ಲಗೆ ನೆಲಕ್ಕೆ ಕುಳಿತಳು.

"ಇದು ನಿನಗೂ ಕಾಣ್ತೈತೇನ?" ಎಂದಳು.

ಅವಳಿಗೆ ಹದಿನಾರನೆಯ ವಯಸ್ಸಿನಿಂದ ಕಾಣುತ್ತಿತ್ತು. ಗಂಡ ಬಿಟ್ಟಾನೆಂದು ಯಾರಿಗೂ ಹೇಳಿರಲಿಲ್ಲ. ನನ್ನ ಚೀಟಿಯ ಮಾತು ಖರೆಯಾದದ್ದನ್ನು ಕಂಡ ಮೇಲೆ, ಬಾಗೇವಾಡಿಯ ಆಕೆ ತನ್ನದನ್ನೂ ಹಿಡಿದುಬಿಡುತ್ತಾಳೆ ಎಂಬ ಭಯಕ್ಕೆ ನನ್ನನ್ನೂ ತಡೆದಿದ್ದಳು. ಆ ವಾರವೇ ಅವಳನ್ನು ಕರೆದುಕೊಂಡು ಹೋದೆ. ಬಾಯಾರು ಅವಳಿಗೂ ಹಾಳೆ ಕೊಟ್ಟರು. ಅವಳ ಚಿತ್ರವೂ ಆ ಹಾಳೆಗಳ ಕಟ್ಟನ್ನು ಸೇರಿತು.

ಕೊನೆಯ ವರ್ಷ ಬಾಯಾರು ಬದಲಾದರು. ಅವರ ಕಾಯಿಲೆ ನಿಂತುಹೋಗಿತ್ತು. ವಯಸ್ಸಾದ ಮೇಲೆ ಕೆಲವರಿಗೆ ಹೀಗೆ ತಾನೇ ಬಿಟ್ಟುಹೋಗುತ್ತದೆ ಎಂದು ಅವರೇ ಹೇಳಿದರು. ನನಗೆ ಸಂತೋಷವಾಯಿತು. ಅವರಿಗೆ ಆದಂತೆ ಕಾಣಲಿಲ್ಲ. ದಿನಾ ರೋಗಿಗಳನ್ನು ಕರೆಯುವ ಮೊದಲು ಒಂದು ತಾಸು ಕದ ಹಾಕಿಕೊಂಡು ಕತ್ತಲೆಯಲ್ಲಿ ಒಬ್ಬರೇ ಕೂಡತೊಡಗಿದರು. ನೋವಿಲ್ಲದಿರುವಾಗ ಒಳಗೆ ಕುಳಿತು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಇಷ್ಟು ವರ್ಷ ಒಳಗ ಯಾರೋ ಇದ್ರು. ಎಲ್ಲಿ ಹೋದ್ರು ಅಂತ ಕೇಳಿಸಿಕೋತೀನಿ," ಎಂದರು. ಹಾಗೆ ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಹಿಂದೆ, ಖಾಲಿ ಮೂಲೆಯನ್ನು ನೋಡುತ್ತಿದ್ದರು. ನಾನು ಹಿಂತಿರುಗಿ ನೋಡಲಿಲ್ಲ.

ಕಡೆಯ ದಿನ ನಾನು, ಅತ್ತೆ ಇಬ್ಬರೂ ಹೋಗಿದ್ದೆವು. ಕಟ್ಟೆಯ ಮೇಲೆ ಒಂಬತ್ತು ಮಂದಿ ಇದ್ದೆವು. ಕದ ಮುಚ್ಚಿತ್ತು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಎಂದಿಗಿಂತ ತಡವೆನ್ನಿಸಿ ಕಾಶವ್ವ ಕದದ ಹತ್ತಿರ ಹೋಗಿ ನಿಂತಳು. ಒಳಗಿನಿಂದ "ಬಂದೆ" ಎಂದು ಕೇಳಿಸಿತು. ಅದೇ ಸಣ್ಣ ದನಿ. ಕಾಶವ್ವ ನಮ್ಮ ಕಡೆ ತಿರುಗಿ ತಲೆಯಾಡಿಸಿದಳು. ಎಲ್ಲರೂ ಮತ್ತೆ ಸೆರಗು ಇಳಿಸಿಕೊಂಡು ಕುಳಿತೆವು.

ಒಂದೂವರೆಯ ಹೊತ್ತಿಗೆ ಅತ್ತೆ ಎದ್ದಳು. ಯಾರೂ ಬಡಿಯದ ಆ ಕದವನ್ನು ಅಂಗೈಯಿಂದ ಮೂರು ಸಲ ಬಡಿದಳು. ಉತ್ತರ ಬರಲಿಲ್ಲ. ನೂಕಿದಾಗ ಕದ ತೆರೆಯಿತು, ಚಿಲಕ ಹಾಕಿರಲಿಲ್ಲ. ಬಾಯಾರು ಕುರ್ಚಿಯಲ್ಲಿ ಗೋಡೆಗೆ ತಲೆ ಆನಿಸಿ ಕುಳಿತಿದ್ದರು. ಕೈ ತಣ್ಣಗಾಗಿತ್ತು, ಬೆರಳು ಸೆಟೆದಿದ್ದವು. ಕರೆಸಿದ ಡಾಕ್ಟರು ನೋಡಿ, ಹೃದಯ ನಿಂತಿದೆ, ಹತ್ತೂವರೆ ಹನ್ನೊಂದರ ಸುಮಾರಿಗೇ ಹೋಗಿದ್ದಾರೆ ಎಂದರು. ಕಾಶವ್ವ ನನ್ನ ಕಡೆ ನೋಡಿದಳು. ನಾನು ಅತ್ತೆಯ ಕಡೆ ನೋಡಿದೆ. ಹನ್ನೆರಡೂವರೆಯ ಆ 'ಬಂದೆ' ಎಂಬ ಒಂದು ಮಾತನ್ನು ಕಾಶವ್ವನೂ ನಾವು ಒಂಬತ್ತೂ ಮಂದಿಯೂ ಕೇಳಿದ್ದೆವು. ಡಾಕ್ಟರಿಗೆ ಯಾರೂ ಹೇಳಲಿಲ್ಲ. ಬಾಯಾರಿದ್ದಿದ್ದರೆ ಅದಕ್ಕೂ ಏನಾದರೂ ವಿವರಣೆ ಬರೆದು ಕೊಡುತ್ತಿದ್ದರೇನೋ.

ನಮ್ಮ ಓಣಿಯಲ್ಲಿ ಯಾರು ಸತ್ತರೂ ಹಾಡಿಕೊಂಡು ಅಳಲು ಅತ್ತೆಯನ್ನು ಕರೆಯುತ್ತಾರೆ. ಅವಳ ದನಿ ಊರ ಅಗಸಿಬಾಗಿಲಿನವರೆಗೆ ಕೇಳುತ್ತದೆ. ಅವಳು ಬಾಯಾರ ಕಾಲ ಬಳಿ ಕುಳಿತು, ಸೆರಗು ಹಿಂದಕ್ಕೆ ಸರಿಸಿ, ಬಾಯಿ ತೆರೆದಳು. ಸುತ್ತ ಕುಳಿತ ಜನರ ಮುಖಗಳನ್ನು ಒಮ್ಮೆ ನೋಡಿದಳು. ಎಲ್ಲ ತಲೆನೋವಿನವರು, ಸದ್ದು ತಾಳದವರು. ಆಮೇಲೆ ಹಾಡಿದಳು, ತುಟಿಯಲ್ಲಿ ಮಾತ್ರ. ಎದೆ ಬಡಿದುಕೊಳ್ಳುವ ಕೈ ಎದೆಗೆ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ಉಳಿದವರೂ ಹಾಗೆಯೇ ಅತ್ತರು, ಒಬ್ಬರ ದನಿಯೂ ಕೋಣೆ ದಾಟಲಿಲ್ಲ.

ಓಣಿಯಲ್ಲಿ ಹಾಲಿನವನು ಸೈಕಲ್ ತಳ್ಳಿಕೊಂಡು ಹೋದ. ಕಟ್ಟೆ ಖಾಲಿ ಇದ್ದುದನ್ನು ಕಂಡು, ಇವತ್ತು ಬಾಯಾರು ಇಲ್ಲವೇನು ಎಂದು ಬಾಗಿಲಲ್ಲಿ ನಿಂತಿದ್ದ ಕಾಶವ್ವನನ್ನು ಕೇಳಿದ.